ಹೊತ್ತು ಎಲ್ಲಿ ಹೋಯಿತು? ಲೋಕಲ್ ಗಾಡಿ ಹಿಡಿದು ಬದುಕುವವರು ಈ ಗಳಿಗೆಯಲ್ಲಿ ಇರಲು ಕಲಿಯುವ ಬಗೆ

ಕಳೆದ ದೀಪಾವಳಿಗೆ ಮನೆ ಗುಡಿಸುವಾಗ ಮಾಳಿಗೆ ಕಪಾಟಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ನನ್ನ ಹಳೆಯ ರೈಲ್ವೆ ಪಾಸುಗಳು. ಮುಂಬೈ ಹೊರವಲಯದ ಡೊಂಬಿವಲಿಯಿಂದ ಊರ ಕೊನೆಯ ಸ್ಟೇಷನ್ ವಿ.ಟಿ. (ಈಗಿನ ಸಿ.ಎಸ್.ಎಂ.ಟಿ.) ತನಕ, ಮೂರು ತಿಂಗಳಿಗೊಂದು. ಎಣಿಸಿದರೆ 61 ಇದ್ದವು. ನೆಲದ ಮೇಲೆ ಸಾಲಾಗಿ ಹರಡಿ, ಒಂದೊಂದರ ತಾರೀಖು ನೋಡಿ, ಆ ಮೂರು ತಿಂಗಳಲ್ಲಿ ಏನಾಯಿತು ಅಂತ ನೆನಪಿಸಿಕೊಳ್ಳಲು ಕೂತೆ. ಮಗಳು ಹುಟ್ಟಿದ್ದು ನೆನಪಾಯಿತು. ಅಪ್ಪ ತೀರಿಕೊಂಡದ್ದು. ಚಾಳಿನ ಖೋಲಿ ಬಿಟ್ಟು ಈ ಮನೆಗೆ ಬಂದದ್ದು. ಹಾಗೆ ಒಂದು ಹನ್ನೆರಡು ಪಾಸು ಪಕ್ಕಕ್ಕೆ ತೆಗೆದಿಟ್ಟೆ. ಉಳಿದ 49ರ ಬಗ್ಗೆ ಹೇಳಲು ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ.

ಆಮೇಲೆ ಲೆಕ್ಕ ಹಾಕಿದೆ. ಹೋಗಲು ಒಂದೂಕಾಲು ಗಂಟೆ, ಬರಲು ಒಂದೂಕಾಲು ಗಂಟೆ. ವರ್ಷಕ್ಕೆ ಸುಮಾರು 290 ದಿನ ಕೆಲಸ. 725 ಗಂಟೆ. ಅಂದರೆ ವರ್ಷಕ್ಕೆ ಪೂರಾ 30 ಹಗಲು, 30 ರಾತ್ರಿ ಗಾಡಿಯಲ್ಲೇ. 22 ವರ್ಷಕ್ಕೆ 660 ದಿನ. ಇಷ್ಟು ದಿನ ನಾನು ಎಲ್ಲಿದ್ದೆ?

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ವರ್ಷದಿಂದ ಓದಿದ್ದೇನೆ, ಮಾಡಿ ನೋಡಿದ್ದೇನೆ, ಬಿಟ್ಟು ಮತ್ತೆ ಹಿಡಿದಿದ್ದೇನೆ. ನನಗೆ ನಿಜವಾಗಿ ಉಪಯೋಗವಾದದ್ದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಒಂದೇ ದಿನ ಎಲ್ಲಾ ಶುರು ಮಾಡಬೇಡಿ. ಒಂದು ಹೆಜ್ಜೆಗೆ ಒಂದೆರಡು ವಾರ ಕೊಡಿ.

ಹೆಜ್ಜೆ 1: ನಿಮ್ಮ ಒಳಗಿನ ನಿಮಿಷ ಅಳೆದು ನೋಡಿ

ಫೋನಿನಲ್ಲಿ ಸ್ಟಾಪ್‌ವಾಚ್ ಶುರು ಮಾಡಿ. ಫೋನು ಕವಚಿ ಇಡಿ. ಕಣ್ಣು ಮುಚ್ಚಿ. ಮನಸ್ಸಿನಲ್ಲಿ ಎಣಿಸಬೇಡಿ, ಸುಮ್ನೆ ಕೂತಿರಿ. ಒಂದು ನಿಮಿಷ ಆಯಿತು ಅನ್ನಿಸಿದಾಗ ನಿಲ್ಲಿಸಿ. ಎಷ್ಟಾಯಿತು ಬರೆದಿಡಿ. ಬೆಳಿಗ್ಗೆ ಅವಸರದಲ್ಲಿ ಒಮ್ಮೆ, ಸಂಜೆ ಮನೆಗೆ ಬಂದ ಮೇಲೆ ಒಮ್ಮೆ, ಭಾನುವಾರ ಊಟ ಆದ ಮೇಲೆ ಒಮ್ಮೆ.

ಬೆಳಿಗ್ಗೆ ಟಿಫಿನ್ ಡಬ್ಬಿ ಕಟ್ಟಿದ ಮೇಲೆ ನಾನು ನಿಲ್ಲಿಸಿದ್ದು 41 ಸೆಕೆಂಡಿಗೆ. ಭಾನುವಾರ 74ಕ್ಕೆ. ಅಂದರೆ ಬೆಳಿಗ್ಗೆ ನನ್ನ ಒಳಗಿನ ಗಡಿಯಾರ ಗೋಡೆ ಗಡಿಯಾರಕ್ಕಿಂತ ಮುಂದೆ ಓಡುತ್ತಿರುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಮೂರು ನಿಮಿಷ ತಡವಾದರೂ ಹತ್ತು ನಿಮಿಷ ಕಾದ ಹಾಗೆ ಅನ್ನಿಸುವುದು ಇದಕ್ಕೇ.

ಇದರಲ್ಲಿ ಮೈಯ ಪಾಲೂ ಇದೆ. 1930ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಹಡ್ಸನ್ ಹೋಗ್ಲಂಡ್ ಅವರ ಹೆಂಡತಿಗೆ ಫ್ಲೂ ಜ್ವರ ಬಂದಿತ್ತು. ಗಂಡ ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದರೂ ಆಕೆ ತುಂಬಾ ಹೊತ್ತಾಯಿತು ಅನ್ನುತ್ತಿದ್ದರು. ಇವರು 60 ಸೆಕೆಂಡು ಎಣಿಸಲು ಹೇಳಿದರು. ಜ್ವರ ಏರಿದಷ್ಟೂ ಆಕೆ ಬೇಗ ಬೇಗ ಎಣಿಸುತ್ತಿದ್ದರು. ಮೈ ಬಿಸಿಯಾದರೆ ಒಳಗಿನ ಗಡಿಯಾರಕ್ಕೂ ಅವಸರ.

ಹಾಗಾದರೆ ಗೋಡೆಯ ಗಡಿಯಾರವಾದರೂ ಗಟ್ಟಿ ಸತ್ಯವಾ? ಅದೂ ಜನ ಸೇರಿ ಮಾಡಿಕೊಂಡ ಒಪ್ಪಂದ. 1906ರ ಜನವರಿ 1ರಂದು ದೇಶಕ್ಕೆ ಈಗಿನ ಸ್ಟ್ಯಾಂಡರ್ಡ್ ಟೈಮ್ ಬಂತು. ಮುಂಬೈ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. 39 ನಿಮಿಷ ಹಿಂದೆ ಇದ್ದ ತನ್ನದೇ ಬಾಂಬೆ ಟೈಮನ್ನು 1955ರ ತನಕ ಇಟ್ಟುಕೊಂಡಿತ್ತು. ನನ್ನ ದೊಡ್ಡಪ್ಪ ಹನ್ನೆರಡನೇ ವಯಸ್ಸಿಗೆ ಕುಂದಾಪುರ ಕಡೆಯಿಂದ ಇಲ್ಲಿಗೆ ಬಂದು ಹೋಟೆಲಿನಲ್ಲಿ ಗ್ಲಾಸು ತೊಳೆಯಲು ಸೇರಿದವರು. ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿಶಾಲೆ. "ಆಗ ಯಾರಾದರೂ ಟೈಮ್ ಹೇಳಿದರೆ ಬಾಂಬೆಯದೋ ಸ್ಟ್ಯಾಂಡರ್ಡೋ ಅಂತ ಕೇಳಬೇಕಿತ್ತು" ಅನ್ನುತ್ತಿದ್ದರು. ಒಂದೇ ಊರು, ಎರಡು ಹೊತ್ತು.

ಹೆಜ್ಜೆ 2: ನಮ್ಮ ಮಾತಿನಲ್ಲೇ ಇರುವ ಎರಡು ಹೊತ್ತುಗಳನ್ನು ಗುರುತಿಸಿ

"ಹೊತ್ತೇ ಹೋಗ್ತಾ ಇಲ್ಲ" ಅನ್ನುತ್ತೇವೆ. "ಮೊನ್ನೆ ಮೊನ್ನೆ ಆದ ಹಾಗಿದೆ" ಅಂತಲೂ ಅನ್ನುತ್ತೇವೆ. ಈ ಎರಡು ಮಾತು ಬೇರೆ ಬೇರೆ ಹೊತ್ತಿನ ಬಗ್ಗೆ. ಮೊದಲನೆಯದು ಈಗ ನಡೆಯುತ್ತಿರುವ ಹೊತ್ತು. ಎರಡನೆಯದು ತಿರುಗಿ ನೋಡಿದಾಗ ಕಾಣುವ ಹೊತ್ತು. ಇವೆರಡೂ ಸಾಮಾನ್ಯವಾಗಿ ಒಂದಕ್ಕೊಂದು ಉಲ್ಟಾ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಇದನ್ನು ಬರೆದಿದ್ದರು. ಬಗೆಬಗೆಯ ಅನುಭವ ತುಂಬಿದ ಹೊತ್ತು ನಡೆಯುವಾಗ ಚಿಕ್ಕದು, ನೆನಪಿನಲ್ಲಿ ದೊಡ್ಡದು. ಖಾಲಿ ಹೊತ್ತು ನಡೆಯುವಾಗ ದೊಡ್ಡದು, ನೆನಪಿನಲ್ಲಿ ಚಿಕ್ಕದು.

ಇದಕ್ಕೆ ಮಿಶೆಲ್ ಸಿಫ್ರ್ ಎಂಬ ಫ್ರೆಂಚ್ ಭೂವಿಜ್ಞಾನಿಯ ಕತೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1962ರಲ್ಲಿ, 23ನೇ ವಯಸ್ಸಿನಲ್ಲಿ, ಅವರು ಆಲ್ಪ್ಸ್ ಬೆಟ್ಟದ ಒಂದು ಆಳವಾದ ಗುಹೆಗೆ ಇಳಿದರು. ಗಡಿಯಾರ ಇಲ್ಲ, ಬಿಸಿಲಿಲ್ಲ. ಹಸಿವಾದಾಗ ಊಟ, ನಿದ್ದೆ ಬಂದಾಗ ನಿದ್ದೆ. ಸೆಪ್ಟೆಂಬರ್ 14ಕ್ಕೆ ಮೇಲಿನವರು "ಮುಗಿಯಿತು, ಬನ್ನಿ" ಅಂದರು. ಅವರ ಲೆಕ್ಕದಲ್ಲಿ ಅವತ್ತು ಇನ್ನೂ ಆಗಸ್ಟ್ 20. 25 ದಿನ ಲೆಕ್ಕಕ್ಕೇ ಸಿಕ್ಕಿರಲಿಲ್ಲ! ಒಳಗಿದ್ದಾಗ ಸೆಕೆಂಡಿಗೆ ಒಂದರಂತೆ 120 ಎಣಿಸಲು ಹೇಳಿದರೆ ಐದು ನಿಮಿಷ ತೆಗೆದುಕೊಂಡಿದ್ದರಂತೆ. ಕತ್ತಲಲ್ಲಿ ಒಂದು ದಿನಕ್ಕೂ ಇನ್ನೊಂದಕ್ಕೂ ಗುರುತಿಗೆ ಏನೂ ಇರಲಿಲ್ಲ. ಗುರುತಿಲ್ಲದ ದಿನಗಳು ಒಂದರೊಳಗೊಂದು ಸೇರಿಹೋದವು.

ಇದನ್ನು ಓದಿದಾಗ ನನಗೆ ನನ್ನ 49 ಪಾಸುಗಳು ನೆನಪಾದವು. ನಾನೂ ಗುಹೆಯಲ್ಲೇ ಇದ್ದೆ. ಒಳಗೆ ಟ್ಯೂಬ್‌ಲೈಟು, ಫ್ಯಾನು ಇದ್ದವು ಅಷ್ಟೆ.

ವಯಸ್ಸಾದ ಹಾಗೆ ವರ್ಷಗಳು ಓಡುತ್ತವೆ ಅನ್ನುವುದಕ್ಕೂ ಇದೇ ದೊಡ್ಡ ಕಾರಣ ಇರಬಹುದು. 2005ರಲ್ಲಿ ಮಾರ್ಕ್ ವಿಟ್‌ಮನ್ ಮತ್ತು ಸಾಂಡ್ರಾ ಲೆನ್‌ಹಾಫ್ 14ರಿಂದ 94 ವಯಸ್ಸಿನ 499 ಜನರನ್ನು ಕೇಳಿದರು. ಕಳೆದ ವಾರ, ಕಳೆದ ತಿಂಗಳು ಹೇಗೆ ಹೋಯಿತು ಅಂದಾಗ ಚಿಕ್ಕವರು, ದೊಡ್ಡವರ ಉತ್ತರದಲ್ಲಿ ಅಂಥ ಫರಕು ಕಾಣಲಿಲ್ಲ. ಕಳೆದ ಹತ್ತು ವರ್ಷ ಹೇಗೆ ಹೋಯಿತು ಅಂದಾಗ ಮಾತ್ರ ವಯಸ್ಸಾದವರು "ಬೇಗ ಹೋಯಿತು" ಅಂದರು. ದಿನದ ವೇಗ ಬದಲಾಗಿಲ್ಲ. ಹಿಂತಿರುಗಿ ನೋಡಿದರೆ ಕಾಣುವುದು ಕಡಿಮೆ. ನನಗೆ ಇದರಿಂದ ಸಮಾಧಾನವೇ ಆಯಿತು. ವಯಸ್ಸನ್ನು ಹಿಂದೆ ತರಲು ಆಗುವುದಿಲ್ಲ. ಆದರೆ ದಿನಕ್ಕೆ ಗುರುತು ಹಾಕಲು ಆಗುತ್ತದೆ.

ಹೆಜ್ಜೆ 3: ಎರಡು ವಾರ, ರಾತ್ರಿ ಮೂರು ಸಾಲು

ಒಂದು ಚಿಕ್ಕ ನೋಟ್‌ಬುಕ್ ತನ್ನಿ. ಮಲಗುವ ಮೊದಲು ಆ ದಿನದ ಬಗ್ಗೆ ಮೂರು ಸಾಲು ಬರೆಯಿರಿ. ನಿಯಮ ಒಂದೇ. ನಿನ್ನೆಗೂ ಹೊಂದುವ ಸಾಲನ್ನು ಬರೆಯಬಾರದು. "ಆಫೀಸಿಗೆ ಹೋದೆ, ಸುಸ್ತಾಯಿತು" ನಡೆಯುವುದಿಲ್ಲ. "ಕುರ್ಲಾದಲ್ಲಿ ಹತ್ತಿದ ಹುಡುಗಿಯ ಕೈಯಲ್ಲಿ ಇನ್ನೂ ಹಸಿ ಮೆಹಂದಿ ಇತ್ತು" ನಡೆಯುತ್ತದೆ.

ಮೊದಲ ರಾತ್ರಿ ನನಗೆ ಒಂದು ಸಾಲೂ ಬರಲಿಲ್ಲ. ಹದಿನೈದು ನಿಮಿಷ ಪೆನ್ನು ಹಿಡಿದು ಕೂತಿದ್ದೆ. ಅಳು ಬಂತು, ನಿಜವಾಗಿಯೂ. ಹದಿನಾರು ಗಂಟೆ ಎಚ್ಚರವಾಗಿದ್ದ ಮನುಷ್ಯಳಿಗೆ ಹೇಳಲು ಒಂದು ಸಾಲಿಲ್ಲ! ನಿಮಗೂ ಹಾಗಾದರೆ ಹೆದರಬೇಡಿ. ನಾಲ್ಕನೇ ದಿನದಿಂದ ಬದಲಾವಣೆ ಕಾಣುತ್ತದೆ. ರಾತ್ರಿ ಬರೆಯಬೇಕಲ್ಲಾ ಅಂತ ಹಗಲು ಕಣ್ಣು ತೆರೆದುಕೊಳ್ಳುತ್ತದೆ. ಪುಸ್ತಕ ತುಂಬುವುದು ಮುಖ್ಯ ಅಲ್ಲ. ಹಗಲಿಗೆ ಈ ಕಣ್ಣು ಬರುವುದೇ ಮುಖ್ಯ.

ಎರಡು ವಾರ ಆದ ಮೇಲೆ ಭಾನುವಾರ ಕೂತು ಎಲ್ಲಾ ಓದಿ. ಯಾವ ಹೊತ್ತಿನಿಂದ ಸಾಲುಗಳೇ ಬಂದಿಲ್ಲ ಅಂತ ನೋಡಿ. ನನಗೆ ಕಾಣೆಯಾಗಿದ್ದು ಎರಡು ಹೊತ್ತು. ಬೆಳಗಿನ ಗಾಡಿ. ರಾತ್ರಿ ಊಟದ ನಂತರದ ಒಂದೂವರೆ ಗಂಟೆ.

ಹೆಜ್ಜೆ 4: ದಿನಕ್ಕೊಂದು ಗಳಿಗೆ

ಊರಲ್ಲಿ ಅಮ್ಮ ಈಗಲೂ ಹೇಳುತ್ತಾಳೆ, "ಒಂದು ಗಳಿಗೆ ಕೂತ್ಕೋ ಮಗಾ." ಗಳಿಗೆ ಅಂದರೆ ಸ್ವಲ್ಪ ಹೊತ್ತು ಅಂತ ನಾವು ತಿಳಿದಿದ್ದೇವೆ. ಅದಕ್ಕೊಂದು ಅಳತೆ ಇದೆ. ಹಗಲು ರಾತ್ರಿ ಸೇರಿ 60 ಗಳಿಗೆ. ಅಂದರೆ ಒಂದು ಗಳಿಗೆಗೆ 24 ನಿಮಿಷ. ಹಿಂದೆ ತಳದಲ್ಲಿ ಸಣ್ಣ ತೂತು ಇರುವ ಬಟ್ಟಲನ್ನು ನೀರಿನ ಮೇಲೆ ಬಿಡುತ್ತಿದ್ದರು. ನೀರು ತುಂಬಿ ಅದು ಮುಳುಗಿದರೆ ಒಂದು ಗಳಿಗೆ. ನನಗೆ ಈ ಅಳತೆ ತುಂಬಾ ಇಷ್ಟ. ಒಂದು ಕೆಲಸಕ್ಕೆ ಮನಸ್ಸು ಕೂರಲು ಬೇಕಾದಷ್ಟು ಉದ್ದ. ಬೇಸರ ಬರುವಷ್ಟು ಉದ್ದ ಅಲ್ಲ. ಥಾಣೆ ಬಿಟ್ಟು ಕುರ್ಲಾ ದಾಟುವಷ್ಟರಲ್ಲಿ ಫಾಸ್ಟ್ ಗಾಡಿಯಲ್ಲಿ ಹೆಚ್ಚು ಕಡಿಮೆ ಒಂದು ಗಳಿಗೆ.

60ರಲ್ಲಿ ಒಂದು ಗಳಿಗೆಯನ್ನು ನಿಮಗೆ ಅಂತ ಇಟ್ಟುಕೊಳ್ಳಿ. ನಾನು ಗಾಡಿಯಲ್ಲಿ ಮಾಡುವ ಕ್ರಮ ಹೇಳುತ್ತೇನೆ.

ಮೊದಲ ವಾರ 24 ನಿಮಿಷ ಬೇಡ, ಆಗುವುದಿಲ್ಲ. ಮುಂಬ್ರಾದ ಗುಡ್ಡ ಕಂಡಲ್ಲಿಂದ ಥಾಣೆ ಬರುವ ತನಕ ಸಾಕು. ಫೋನು ಬ್ಯಾಗಿಗೆ ಹಾಕಿ. ಕೈಯಲ್ಲಿ ಹಿಡಿದುಕೊಂಡಿದ್ದರೂ ಆಗುವುದಿಲ್ಲ, ಬ್ಯಾಗಿನ ಒಳಗೇ ಹೋಗಬೇಕು.

ಮೊದಲು ಕಾಲು. ಎರಡು ಪಾದಕ್ಕೆ ಡಬ್ಬದ ನೆಲ ಹೇಗೆ ತಾಗುತ್ತಿದೆ? ಯಾವ ಕಾಲಿನ ಮೇಲೆ ಭಾರ ಜಾಸ್ತಿ? ನಿಲ್ಲುವಾಗ, ಹೊರಡುವಾಗ ಮೈ ಯಾವ ಕಡೆ ವಾಲುತ್ತದೆ? ಆಮೇಲೆ ಉಸಿರು. ಅದನ್ನು ನಿಧಾನ ಮಾಡಲು ಹೋಗಬೇಡಿ. ಬರುತ್ತದೆ, ಹೋಗುತ್ತದೆ, ಅದನ್ನು ಸುಮ್ನೆ ಗಮನಿಸಿ. ಆಮೇಲೆ ಸದ್ದು. ಮೊದಲು ದೂರದ್ದು, ಅಂದರೆ ಹಳಿಯ ಸದ್ದು. ಆಮೇಲೆ ಡಬ್ಬದ ಫ್ಯಾನು. ಆಮೇಲೆ ಹತ್ತಿರದ ಮಾತು. ಲೇಡೀಸ್ ಡಬ್ಬದಲ್ಲಿ ಒಂದೇ ಸಲ ನಾಲ್ಕು ಭಾಷೆ ಕೇಳುತ್ತದೆ. ಅರ್ಥ ಹುಡುಕಬೇಡಿ. ಅದನ್ನು ಸದ್ದು ಅಂತ ಕೇಳಿ. ಕೊನೆಗೆ ಕಣ್ಣು. ಕಳವಾ ದಾಟಿದ ಮೇಲೆ ಖಾಡಿ, ಅಂದರೆ ಸಮುದ್ರದ ಹಿನ್ನೀರು, ಬರುತ್ತದೆ. ನೀರು ಏರಿದೆಯಾ, ಇಳಿದಿದೆಯಾ? ಕಾಂಡ್ಲಾ ಗಿಡಗಳ ಬೇರು ಕಾಣುತ್ತಿದೆಯಾ? 22 ವರ್ಷ ಆ ಸೇತುವೆ ದಾಟಿದ ನನಗೆ ಅಲ್ಲಿ ಸಮುದ್ರದ ಉಬ್ಬರ ಇಳಿತ ಕಾಣುತ್ತದೆ ಅಂತ ಗೊತ್ತಾಗಿದ್ದು ಈ ಚಳಿಗಾಲದಲ್ಲಿ. ಸಮುದ್ರದ ಊರಿಂದ ಬಂದವಳು ನಾನು!

ಮನಸ್ಸು ಓಡುತ್ತದೆ. ಆಫೀಸಿನ ಇಮೇಲು, ಅತ್ತೆಯ ಬಿಪಿ ಮಾತ್ರೆ, ಮಗಳ ಫೀಸು. ಓಡಿದ್ದು ತಪ್ಪಲ್ಲ. ಓಡಿದೆ ಅಂತ ಗೊತ್ತಾದ ಕೂಡಲೇ ಪಾದಕ್ಕೆ ವಾಪಸ್ ಬನ್ನಿ. ಒಂದು ಸ್ಟೇಷನ್ನಿನಲ್ಲಿ ಇಪ್ಪತ್ತು ಸಲ ವಾಪಸ್ ಬರಬೇಕಾದರೂ ಪರವಾಗಿಲ್ಲ. ಹಾಗೆ ಮತ್ತೆ ಮತ್ತೆ ವಾಪಸ್ ಬರುವುದೇ ಇಲ್ಲಿನ ಅಭ್ಯಾಸ. ಎಲ್ಲರ ಮನಸ್ಸೂ ಹೀಗೇ. 2010ರಲ್ಲಿ ಹಾರ್ವರ್ಡಿನ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2250 ಜನರಿಗೆ ಫೋನಿನಲ್ಲಿ ಆಗಾಗ ಕೇಳಿದರು, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅಲ್ಲೇ ಇದೆಯಾ ಅಂತ. 46.9 ಶೇಕಡಾ ಸಲ ಮನಸ್ಸು ಬೇರೆ ಕಡೆ ಇತ್ತು. ಮನಸ್ಸು ಬೇರೆ ಕಡೆ ಇದ್ದಾಗ ಜನ ಕಡಿಮೆ ಖುಷಿಯಲ್ಲಿದ್ದರು.

ಒಂದು ಎಚ್ಚರಿಕೆ. ಬಾಗಿಲಲ್ಲಿ ನಿಂತಿದ್ದರೆ ಇದನ್ನು ಮಾಡಬೇಡಿ. ನಿಂತೇ ಇದ್ದರೆ ಕಣ್ಣು ಮುಚ್ಚಬೇಡಿ, ಕಂಬಿ ಬಿಡಬೇಡಿ. ಜನ ಮೈಮೇಲೆ ಬೀಳುವಷ್ಟು ಗರ್ದಿ ಇದ್ದರೆ ಪಾದದ ಭಾಗ ಒಂದನ್ನೇ ಮಾಡಿ. ಗಾಡಿ ಇಲ್ಲದವರು ಚಹಾ ಕುಡಿಯುವಾಗ, ಅಕ್ಕಿ ಆರಿಸುವಾಗ, ಬಟ್ಟೆ ಮಡಚುವಾಗ ಮಾಡಬಹುದು. ಕೈಗೆ ಕೆಲಸ ಇದ್ದರೆ ಇನ್ನೂ ಸುಲಭ. ನಮ್ಮ ಡಬ್ಬದಲ್ಲಿ ಸಂಜೆ ಬಟಾಣಿ ಸುಲಿಯುವ ಹೆಂಗಸರ ಮುಖ ನೋಡಿದರೆ ನನ್ನ ಮಾತು ಗೊತ್ತಾಗುತ್ತದೆ.

ಇದನ್ನು ಗುರುಗಳ ಹತ್ತಿರ ಕೂತು ಕಲಿಯಬೇಕು ಅನ್ನುವವರಿಗೆ ಮುಂಬೈ ಒಳ್ಳೆಯ ಜಾಗ. ಇಗತ್‌ಪುರಿಯ ವಿಪಶ್ಯನಾ ಧ್ಯಾನ ಕೇಂದ್ರ ಹತ್ತಿರವೇ ಇದೆ. ಗೋರಾಯಿಯಲ್ಲಿ 2009ರಲ್ಲಿ ಉದ್ಘಾಟನೆಯಾದ ದೊಡ್ಡ ಪಗೋಡಾ ಇದೆ. ಹತ್ತು ದಿನದ ಶಿಬಿರದಲ್ಲಿ ಮಾತಾಡುವಂತಿಲ್ಲ. ಆದರೆ ಹತ್ತು ದಿನ ರಜೆ ಸಿಕ್ಕದವರು ಕಾಯುತ್ತಾ ಕೂರುವುದು ಬೇಡ. ಮುಂಬ್ರಾದಿಂದ ಥಾಣೆ ಸಾಕು.

ಹೆಜ್ಜೆ 5: ಫೋನು ಎರಡೂ ಕಡೆ ತಿನ್ನುತ್ತದೆ

ಖಾಲಿ ಹೊತ್ತು ನೆನಪಿನಲ್ಲಿ ಚಿಕ್ಕದಾದರೂ ನಡೆಯುವಾಗ ಉದ್ದ ಇರುತ್ತದೆ. ಕಿಟಕಿ ನೋಡುತ್ತಾ ಬೇಸರ ಪಡುವವರಿಗೆ ಬೇಸರವಾದರೂ ಸಿಗುತ್ತದೆ. ಬೆರಳಿನಲ್ಲಿ ಒಂದರ ಮೇಲೊಂದು ವಿಡಿಯೊ ತಳ್ಳುತ್ತಾ ಹೋದರೆ ಹಾಗಲ್ಲ. ನಡೆಯುವಾಗಲೂ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ತಿರುಗಿ ನೋಡಿದರೂ ಏನೂ ಉಳಿದಿರುವುದಿಲ್ಲ. ನಿನ್ನೆ ರಾತ್ರಿ ನೋಡಿದ ವಿಡಿಯೊಗಳಲ್ಲಿ ಐದನ್ನು ಹೇಳಿ ನೋಡೋಣ. ನನಗೆ ಎರಡು ಕೂಡ ನೆನಪಾಗಲಿಲ್ಲ. ರಾತ್ರಿಯ ಒಂದೂವರೆ ಗಂಟೆ ಎಲ್ಲಿ ಹೋಗುತ್ತಿತ್ತು ಅಂತ ಅವತ್ತು ಗೊತ್ತಾಯಿತು.

ಫೋನು ಬಿಡಿ ಅಂತ ನಾನು ಹೇಳುವುದಿಲ್ಲ. ಅಮ್ಮನ ಮುಖ ಕಾಣುವುದೇ ಅದರಲ್ಲಿ. ನೋಡುವ ಮೊದಲು ಏನು ನೋಡುತ್ತೇನೆ ಅಂತ ಬಾಯಿಬಿಟ್ಟು ಹೇಳಿ. "ಒಂದು ಯಕ್ಷಗಾನ ಪ್ರಸಂಗ ನೋಡುತ್ತೇನೆ." ಅದು ಮುಗಿದಾಗ ಇಡಿ. ಪ್ರಸಂಗ ನೆನಪಿನಲ್ಲಿ ಉಳಿಯುತ್ತದೆ.

ಹೆಜ್ಜೆ 6: ವಾರಕ್ಕೊಂದು ಗುರುತು

2005ರ ಜುಲೈ 26. ಮುಂಬೈಯಲ್ಲಿದ್ದವರಿಗೆ ಈ ತಾರೀಖಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನಾನು ಕುರ್ಲಾದ ಹತ್ತಿರ ನಿಂತ ಗಾಡಿಯಲ್ಲೇ ರಾತ್ರಿ ಕಳೆದೆ. ಯಾರ ಕೈಯಿಂದ ಪಾರ್ಲೆ-ಜಿ ಬಂತು, ಯಾರು ದುಪಟ್ಟಾ ಕೊಟ್ಟರು, ಎಷ್ಟು ಹೊತ್ತಿಗೆ ಲೈಟು ಹೋಯಿತು, ಬೆಳಿಗ್ಗೆ ಹಳಿಯ ಮೇಲೆ ನಡೆಯುವಾಗ ನೀರು ಮೊಣಕಾಲಿಗೆ ಎಷ್ಟು ತಣ್ಣಗಿತ್ತು, ಎಲ್ಲಾ ನೆನಪಿದೆ. ಆ ಒಂದು ರಾತ್ರಿ ನನ್ನ ನೆನಪಿನಲ್ಲಿ ಎರಡು ವರ್ಷದಷ್ಟು ಜಾಗ ಹಿಡಿದಿದೆ.

ಯಾಕೆ ಹೀಗೆ? ಡೇವಿಡ್ ಈಗಲ್‌ಮನ್ ಮತ್ತು ಅವರ ಜೊತೆಯವರು 2007ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರನ್ನು 31 ಮೀಟರ್ ಎತ್ತರದಿಂದ ಬಲೆಯ ಮೇಲೆ ಬೀಳಿಸಿದರು. ಬಿದ್ದವರು ತಮ್ಮ ಬೀಳುವಿಕೆಯನ್ನು ಬೇರೆಯವರದ್ದಕ್ಕಿಂತ ಸರಾಸರಿ 36 ಶೇಕಡಾ ಉದ್ದ ಅಂದರು. ಆದರೆ ಬೀಳುವಾಗ ಅವರ ಕಣ್ಣು ಹೆಚ್ಚು ಚುರುಕಾಗಿ ಕೆಲಸ ಮಾಡಿರಲಿಲ್ಲ. ಹೊತ್ತು ನಿಧಾನ ಆಗಿರಲಿಲ್ಲ. ಹೆದರಿಕೆಯಲ್ಲಿ ನೆನಪು ದಟ್ಟವಾಗಿ ಕೂತಿತ್ತು. ಅದಕ್ಕೇ ಉದ್ದ ಅನ್ನಿಸಿತು.

ದಟ್ಟ ನೆನಪಿಗೆ ಪ್ರವಾಹವೇ ಬರಬೇಕಾಗಿಲ್ಲ. ಹೊಸದು ಒಂದು ಸಾಕು. ನಾನು ವಾರಕ್ಕೆ ಒಂದು ಸಲ ಸಂಜೆ ಬೇರೆ ಕಡೆ ಇಳಿಯುತ್ತೇನೆ. ಮಾಟುಂಗದಲ್ಲಿ ಇಳಿದರೆ ಹೂವಿನ ಅಂಗಡಿ ಸಾಲು, ಬಾಳೆ ಎಲೆ, ಫಿಲ್ಟರ್ ಕಾಫಿ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಕನ್ನಡ ನಾಟಕ ಇದ್ದರೆ ನೋಡಿ ಬರಬಹುದು. ಮಾಹಿಮಿನ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಹೋಗಬಹುದು. ಒಂದು ದಿನ ಆಫೀಸಿನಿಂದ ಬೇಗ ಬಿಟ್ಟಾಗ ರಾಜಾಬಾಯಿ ಟವರಿನ ಕೆಳಗೆ ಸುಮ್ನೆ ನಿಂತೆ. 1878ರಲ್ಲಿ ಕಟ್ಟಿ ಮುಗಿಸಿದ ಗಡಿಯಾರ ಗೋಪುರ ಅದು. ಇಷ್ಟು ವರ್ಷ ಅದರ ಹತ್ತಿರವೇ ಕೆಲಸ ಮಾಡಿ, ತಲೆ ಎತ್ತಿ ನೋಡಿದ್ದು ಟೈಮಿಗೆ ಮಾತ್ರ.

ದುಡ್ಡಿನ ಖರ್ಚು ಬೇಡ. ಬೇರೆ ಡಬ್ಬ ಹತ್ತಿ. ಸ್ಲೋ ಗಾಡಿಯಲ್ಲಿ ಹೋಗಿ. ಮಕ್ಕಳಿಗೆ ಒಂದು ಕನ್ನಡ ಅಕ್ಷರ ಕಲಿಸಿ. ಹಿಂದಿನವರಿಗೆ ಇದು ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಹಬ್ಬಗಳನ್ನು ಇಟ್ಟದ್ದೇ ವರ್ಷಕ್ಕೆ ಗಂಟು ಹಾಕಲಿಕ್ಕೆ. ದಸರೆಗೆ ನಮ್ಮ ಡಬ್ಬಕ್ಕೆ ಹೂವಿನ ಹಾರ ಕಟ್ಟಿ, ಪೂಜೆ ಮಾಡಿ, ಪೇಡೆ ಹಂಚುತ್ತಾರೆ. ಅವತ್ತಿನ ಗಾಡಿ ಯಾರಿಗೂ ಮರೆಯುವುದಿಲ್ಲ ಅಲ್ವಾ?

ಹೆಜ್ಜೆ 7: ಕಾಯುವಾಗ

ಚಿಕ್ಕ ವಿಷಯ, ಬೇಗ ಹೇಳುತ್ತೇನೆ. ಸಾಲಿನಲ್ಲಿ ಕಾಯುವವರ ಮನಸ್ಸಿನ ಬಗ್ಗೆ ಡೇವಿಡ್ ಮೈಸ್ಟರ್ 1985ರಲ್ಲಿ ಬರೆದಿದ್ದರು. ಕೈಯಲ್ಲಿ ಕೆಲಸ ಇಲ್ಲದ ಕಾಯುವಿಕೆ ಉದ್ದ. ಎಷ್ಟು ಹೊತ್ತು ಅಂತ ಗೊತ್ತಿಲ್ಲದ ಕಾಯುವಿಕೆ ಇನ್ನೂ ಉದ್ದ. ಹಾಗಾಗಿ ಆಸ್ಪತ್ರೆಗೋ ಬ್ಯಾಂಕಿಗೋ ಹೋದರೆ ಮೊದಲು "ಎಷ್ಟು ಹೊತ್ತಾಗಬಹುದು?" ಅಂತ ಕೇಳಿ. ಉತ್ತರ ಸಿಗದಿದ್ದರೆ ನೀವೇ ಒಂದು ಗಳಿಗೆ ಅಂತ ಇಟ್ಟುಕೊಳ್ಳಿ. 24 ನಿಮಿಷ ಆಗುವ ತನಕ ಗಡಿಯಾರ ನೋಡಬೇಡಿ.

ಹೊತ್ತು ಭಾರವಾದವರಿಗೆ

ಮನೆಯಲ್ಲಿ ಸಾವಾದವರಿಗೆ, ಕೆಲಸ ಹೋದವರಿಗೆ, ತುಂಬಾ ದಿನದಿಂದ ಕಾಯಿಲೆ ಇರುವವರಿಗೆ "ಈ ಗಳಿಗೆಯಲ್ಲಿ ಇರಿ" ಅನ್ನುವುದು ಸರಿಯಲ್ಲ. ಆ ಗಳಿಗೆಯೇ ಅವರನ್ನು ಸುಡುತ್ತಿರುತ್ತದೆ. ಅಪ್ಪ ಹೋದ ವರ್ಷ ನನಗೆ ಒಂದೊಂದು ಮಧ್ಯಾಹ್ನ ಮುಗಿಯುತ್ತಿರಲಿಲ್ಲ. ಆಗ ಉಸಿರು ನೋಡುತ್ತಾ ಕೂತಿದ್ದರೆ ಇನ್ನೂ ಕಷ್ಟ ಆಗುತ್ತಿತ್ತು. ಯಾರಾದರೂ ಜೊತೆಗೆ ಕೂತುಕೊಳ್ಳುವುದು ಬೇಕಿತ್ತು. ವಾರಗಟ್ಟಲೆ ಹೊತ್ತು ಜರುಗದೆ, ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ ಡಾಕ್ಟರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನು ಮಾಡಿ. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಹೆಜ್ಜೆ 8: "ಊರಿಗೆ ಹೋದ ಮೇಲೆ" ಅನ್ನುವ ಮಾತು

ಇದನ್ನು ಮುಂಬೈಯ ನಮ್ಮವರಿಗೇ ಅಂತ ಬರೆಯುತ್ತಿದ್ದೇನೆ. ನಾವು ಇಲ್ಲಿ ದುಡಿಯುತ್ತೇವೆ. ಬದುಕುವುದು ಊರಿಗೆ ಹೋದ ಮೇಲೆ ಅಂದುಕೊಂಡಿರುತ್ತೇವೆ. ಊರಲ್ಲಿ ಮನೆ ಕಟ್ಟಿಸುತ್ತೇವೆ, ತೆಂಗಿನ ಗಿಡ ನೆಡಿಸುತ್ತೇವೆ. ಒಳ್ಳೆಯ ಪಾತ್ರೆ ತಂದರೆ "ಊರಿಗೆ ಬೇಕಾಗುತ್ತದೆ" ಅಂತ ಕಟ್ಟಿಡುತ್ತೇವೆ. ಇಲ್ಲಿನ ಮನೆ ನಮಗೆ ವೇಟಿಂಗ್ ರೂಮು.

ದೊಡ್ಡಪ್ಪ 50 ವರ್ಷ ಮಾಟುಂಗದಲ್ಲಿ ಇದ್ದು, ರಿಟೈರಾಗಿ, ತಾನು ಕಟ್ಟಿಸಿದ ಮನೆಗೆ ಹೋದರು. ನಾನು ರಜೆಗೆ ಹೋದಾಗ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಜಗಲಿಯಲ್ಲಿ ಕೂತಿದ್ದರು. "ಈ ಹೊತ್ತಿಗೆ ಬಾಯ್ಲರ್ ಹಚ್ಚುತ್ತಿದ್ದೆವು" ಅಂದರು. "ಮೊದಲ ಚಹಾ ಹಾಲಿನವನಿಗೆ. ಎರಡನೆಯದು ಪೇಪರಿನವನಿಗೆ. ಹೊರಗೆ ಇನ್ನೂ ಕತ್ತಲು. ಒಳಗೆ ಸಾಂಬಾರಿನ ಪರಿಮಳ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಊರಿಗೆ ಹೋಗಬೇಕು, ಊರಿಗೆ ಹೋಗಬೇಕು ಅನ್ನುತ್ತಾ ಅದನ್ನೆಲ್ಲ ನಾನು ಸರಿಯಾಗಿ ನೋಡಲೇ ಇಲ್ಲ ಕಣೆ ಮಗಾ."

ಊರಿನ ಆಸೆ ಬಿಡಿ ಅಂತ ನಾನು ಹೇಳಲಾರೆ. ನನಗೇ ಬಿಡಲು ಆಗಿಲ್ಲ. ಆದರೆ ಇದೊಂದು ಮಾಡಬಹುದು. ಒಂದು ಕಾಗದ ತೆಗೆದುಕೊಂಡು, ಊರಿಗೆ ಹೋದ ಮೇಲೆ ಮಾಡುತ್ತೇನೆ ಅಂತ ಎತ್ತಿಟ್ಟಿರುವ ಎಲ್ಲವನ್ನೂ ಬರೆಯಿರಿ. ಒಂದೊಂದನ್ನೂ ನೋಡಿ. ಇದಕ್ಕೆ ನಿಜವಾಗಿ ಊರು ಬೇಕಾ, ಅಥವಾ ಹೊತ್ತು ಬೇಕಾ? ನನ್ನ ಪಟ್ಟಿಯಲ್ಲಿ ಹನ್ನೊಂದು ಇದ್ದವು. ತುಳಸಿಕಟ್ಟೆ, ಬೆಳಿಗ್ಗೆ ನಿಧಾನವಾಗಿ ಚಹಾ, ಯಕ್ಷಗಾನ, ಮಲ್ಲಿಗೆ ಗಿಡ, ಓದು, ಅಮ್ಮನ ಹತ್ತಿರ ಕೂತು ಪತ್ರೊಡೆ ಮಾಡುವುದು ಕಲಿಯುವುದು. ಊರೇ ಬೇಕಾದದ್ದು ಎರಡು. ಉಳಿದ ಒಂಬತ್ತಕ್ಕೆ ಬಾಲ್ಕನಿ ಸಾಕಿತ್ತು. ಪತ್ರೊಡೆಗೆ ಅಮ್ಮನೇ ಬೇಕು. ಅದಕ್ಕೆ "ಬರುವ ತಿಂಗಳು ಬರ್ತೇನೆ ಅಮ್ಮ" ಅನ್ನುವುದು ನಿಲ್ಲಿಸಿ ತಾರೀಖು ಹಾಕಿ ಟಿಕೆಟ್ ತೆಗೆದೆ. ಅಮ್ಮನಿಗೆ 81.

ಬಿಟ್ಟು ಹೋದರೆ

ಬಿಟ್ಟೇ ಹೋಗುತ್ತದೆ. ಮಾರ್ಚ್ ತಿಂಗಳ ಲೆಕ್ಕದ ಗಡಿಬಿಡಿಯಲ್ಲಿ ನನಗೆ ಮೂರು ವಾರ ನೋಟ್‌ಬುಕ್ ನೆನಪಾಗಲಿಲ್ಲ. ಖಾಲಿ ಹಾಳೆಗಳನ್ನು ತುಂಬಲು ಹೋಗಬೇಡಿ. ಇವತ್ತಿನ ಮೂರು ಸಾಲಿನಿಂದ ಶುರು ಮಾಡಿ.

ಇನ್ನೊಂದು ರೂಢಿ ಮಾಡಿಕೊಂಡಿದ್ದೇನೆ. ಪಾಸು ಮುಗಿದ ದಿನ ಅದರ ಹಿಂದೆ ಆ ಮೂರು ತಿಂಗಳ ಒಂದು ಗಳಿಗೆಯನ್ನು ಪೆನ್ನಿನಲ್ಲಿ ಬರೆದು ಅದೇ ಡಬ್ಬಿಗೆ ಹಾಕುತ್ತೇನೆ. ಪಾಸು ಫೋನಿನಲ್ಲಿ ಇರುವವರು ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆಯಬಹುದು. ಮೊನ್ನೆ ಮುಗಿದ ಪಾಸಿನ ಹಿಂದೆ ಹೀಗಿದೆ: "ಜುಲೈ. ಮಳೆಗೆ ಕಳವಾ ಹತ್ತಿರ ಗಾಡಿ 40 ನಿಮಿಷ ನಿಂತಿತು. ಪಕ್ಕದವರು ನೇರಳೆ ಹಣ್ಣು ಕೊಟ್ಟರು. ಎಲ್ಲರ ನಾಲಿಗೆ ನೀಲಿ."